ಲಾ ಪಾಜ್‌ನ ಚಹಾ ಪೊಟ್ಟಣ

ನನ್ನ ಕಣ್ಣಾಣೆ, ಇದರಲ್ಲಿ ಸಾಸಿವೆಯಷ್ಟೂ ಸುಳ್ಳಿಲ್ಲ. ಬೊಲಿವಿಯಾ ತಿರುಗಿ ಬಹರೈನ್‌ನಲ್ಲಿ ಇಳಿದ ಎರಿಕ್, ಕಸ್ಟಮ್ಸ್ ಸಾಲಿನಲ್ಲಿ ಮುಂದಿನವರ ಚೀಲ ಬಿಚ್ಚಿಸುವುದನ್ನು ಕಂಡು ಬೆವರಿದ. ಲಾ ಪಾಜ್‌ನ ಗೈಡ್ ಹೇಳಿದ್ದು ನೆನಪಾಯಿತು: "ಎತ್ತರದ ಊರು, ಉಸಿರು ಕಟ್ಟಿದರೆ ಕೋಕಾ ಎಲೆಯ ಚಹಾ ಕುಡಿಯಿರಿ. ಮನೆಗೆ ಮಾತ್ರ ಒಯ್ಯಬೇಡಿ, ಹೊರಗೆ ಅದು ಮಾದಕ ವಸ್ತು."

"ಮಾರ್ಥಾ, ಹೋಟೆಲ್ ರೂಮಿನ ಚಹಾ ಪೊಟ್ಟಣ ಹೆಕ್ಕಿದ್ದೀಯಾ?"

"ಫ್ರೀ ಇಟ್ಟದ್ದನ್ನು ಬಿಟ್ಟು ಬರ್ಲಿಕ್ಕೆ ನಂಗೆ ಮರ್ಲಾ ಮಾರಾಯ್ರೆ?"

"ಆ ಎಲೆದು?"

ಹೆಂಡತಿಯ ಮುಖ ಬಿಳುಚಿತು. "ಅಯ್ಯೋ ದೇವರೇ, ಒಂದು ಉಂಟು!" ಎಂದು ಚೀಲದೊಳಗೆ ಕೈಹಾಕಿ ತಡಕಾಡಿದಳು.

ಅಷ್ಟರಲ್ಲಿ ಅಧಿಕಾರಿ ಕರೆದೇಬಿಟ್ಟ. ಚೀಲವನ್ನು ಮೇಜಿನ ಮೇಲೆ ಸುರಿದ. ಸಾಬೂನು, ಸಕ್ಕರೆ, ದಾರ ಕಟ್ಟಿದ ಬಗೆಬಗೆಯ ಚಹಾ ಪೊಟ್ಟಣ. ಅವನು ಒಂದೊಂದನ್ನೇ ಮೂಸತೊಡಗಿದಾಗ ಎರಿಕ್‌ಗೆ ಜೈಲಿನ ಬಾಗಿಲೇ ಕಾಣಿಸಿತು. ದಿನವಿಡೀ ವಟಗುಟ್ಟುವ ಮಾರ್ಥಾ ತುಟಿ ಬಿಚ್ಚಲಿಲ್ಲ.

"ಪೂರಾ ಹೋಟೆಲ್ ಲಾಯಾ ಕ್ಯಾ?" ಇಡೀ ಹೋಟೆಲನ್ನೇ ತಂದಿರಾ ಎಂದು ಹರಕು ಹಿಂದಿಯಲ್ಲಿ ಕೇಳಿ ಅಧಿಕಾರಿ ನಕ್ಕ. "ಯಲ್ಲಾ, ಜಾವ್," ಎಂದು ಹೊರಡುವಂತೆ ಕೈಬೀಸಿದ.

ಹಾಗಾದರೆ ಎಲೆಯ ಪೊಟ್ಟಣ ಎಲ್ಲಿ? ಎರಿಕ್ ತಿರುಗಿ ನೋಡಿದ. ಬಿಗಿದ ತುಟಿಗಳ ಸಂದಿಯಿಂದ ಬಿಳಿ ದಾರವೊಂದು ನೇತಾಡುತ್ತಿತ್ತು.

ನಂಬುವುದಿಲ್ಲವೇ? ಬಹರೈನ್‌ನ ಜುಫೈರ್‌ನಲ್ಲಿರುವ ಅವರ ಮನೆಗೆ ಹೋಗಿ ಮಾರ್ಥಾ ಕೊಟ್ಟ ಚಹಾ ಕುಡಿದು ಬನ್ನಿ, ಆಮೇಲೆ ಮಾತಾಡುವ.