ಹಳಿಯ ಕಡೆ ಮುಖ ಮಾಡಿದ ಕಾರು

ಗಾಲಿಗಳಲ್ಲಿ ಗಾಳಿಯಿಲ್ಲ. ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿದೆ. ಹಂಪಯ್ಯ ಬಂಪರ್ ಬಿಚ್ಚಿ ನೆಲಕ್ಕಿಟ್ಟು ಮತ್ತೊಮ್ಮೆ ಕೇಳಿದ.

"ಅಮ್ಮಾರ, ಖರೇ ಹೇಳ್ರಿ. ಓಡದ ಗಾಡಿಗೆ ಟಾಪ್ ಮಾಡೆಲ್ಲಿನ ಲೈಟ್ ಯಾಕ್ರಿ? ಮಾರಾಕತ್ತೀರೇನು?"

"ನಿನಗ ಲೈಟ್ ಹಾಕು ಅಂದೀನೋ, ಗಾಡಿಗೆ ಗಂಡು ನೋಡು ಅಂದೀನೋ?" ಎಂದರು ಗುಣವತಿ.

ಹಂಪಯ್ಯ ನಕ್ಕ. ರಾಯಚೂರಿನವನು. ಇಲ್ಲೇ ಮಲ್ಕಾಜ್‌ಗಿರಿಯಲ್ಲಿ ಕಾರುಗಳ ವೈರಿಂಗ್ ಮಾಡುತ್ತಾನೆ. ಎಂಥೆಂಥ ಗಿರಾಕಿಗಳನ್ನೋ ಕಂಡವನು, ಇಂಥವರನ್ನು ಕಂಡಿರಲಿಲ್ಲ.

"ಬರೀ ಬಲ್ಬ್ ಬದಲಿ ಮಾಡಿದ್ರ ಸಸ್ತಾದಾಗ ಮುಗೀತಿತ್ರಿ."

"ಲೈಟಿನ ಹಳೇ ಗಾಜಿನ ಡೂಮಿನಾಗ ಹೊಸ ಬಲ್ಬ್ ಹಾಕಿದ್ರ ಬೆಳಕು ಎಲ್ಲಾ ಕಡೆ ಚೆಲ್ಲತೈತಿ ಅಂತ ನೀನ ಹೇಳಿದ್ದೆಲ್ಲ? ನನಗ ಚೆಲ್ಲೋದು ಬ್ಯಾಡ. ನೆಟ್ಟಗ ಹೋಗಬೇಕು. ದೂರ."

ಕಾರು ಗುಣವತಿಯ ಗಂಡನದು. ಅವರು ತೀರಿಕೊಂಡ ಮೇಲೆ ಹಿತ್ತಲಿನ ತಗಡಿನ ಕೆಳಗೆ ನಿಂತದ್ದು ನಿಂತೇ ಇದೆ. ಮುಂದೆ ಗಿಡ್ಡ ಗೋಡೆ, ಗೋಡೆಯಾಚೆ ರೈಲು ಹಳಿ. ತಿರುವಿನಲ್ಲಿ ಬರುವ ಎಂಜಿನ್ನಿನ ಮುಖ ನೇರ ಈ ಹಿತ್ತಲಿಗೇ.

ರೈಲು ಓಡಿಸುವ ಕೆಲಸಕ್ಕೆ ಸೇರುತ್ತೇನೆಂದು ಮಗಳು ಲಹರಿ ಹೇಳಿದ ದಿನ, ಹೋದರೆ ಮತ್ತೆ ಈ ಹೊಸ್ತಿಲು ತುಳಿಯಬೇಡ ಎಂದಿದ್ದರು ಗುಣವತಿ. ಮಗಳು ಹೋದಳು. ತುಳಿಯಲಿಲ್ಲ.

ಆದರೆ ಅವಳು ಓಡಿಸುವ ಸಂಜೆಯ ಪ್ಯಾಸೆಂಜರ್ ಗಾಡಿ ಇದೇ ಹಿತ್ತಲನ್ನು ದಾಟಬೇಕು. ಒಂದು ಸಂಜೆ ಗುಣವತಿ ಕಾರಿನಲ್ಲಿ ಕೂತು ಲೈಟನ್ನು ಎರಡು ಸಲ ಹಾಕಿ ಆರಿಸಿದರು. ತಿರುವಿನಿಂದ ಉದ್ದನೆಯ ಒಂದು ಸೀಟಿ ಬಂತು. ಅಂದಿನಿಂದ ತಾಯಿ ಮಗಳ ಮಾತೆಂದರೆ ಅಷ್ಟೇ. ಹಿಂದೆ ಮುಂದೆ ಹೋಗುವ ಗಾಡಿಗಳೂ ಕೂಗುತ್ತಿದ್ದವು. ಅವುಗಳ ಗೊಡವೆ ಗುಣವತಿಗೆ ಬೇಕಿರಲಿಲ್ಲ. ಮಗಳ ಕೂಗು ಹೆತ್ತವಳಿಗೆ ತಿಳಿಯುವುದಿಲ್ಲವೇ?

ಹೋದ ತಿಂಗಳು ಆ ಸೀಟಿ ನಿಂತುಹೋಯಿತು.

ತಿರುವಿನಲ್ಲಿದ್ದ ರೈಲ್ವೆ ಗೇಟನ್ನು ಮುಚ್ಚಿ, ಹಳಿಯ ಕೆಳಗೆ ಸೇತುವೆ ರಸ್ತೆ ತೆರೆದದ್ದೂ ಆಗಲೇ. ಗೇಟಿನ ಕಂಬ, ಕಾವಲಿನವನ ಕೋಣೆ, ಹಳಿಯ ಪಕ್ಕದ ಹಳದಿ ಫಲಕ, ಎಲ್ಲವನ್ನೂ ಕಿತ್ತು ಒಯ್ದರು. ಗೇಟಿನ ಹತ್ತಿರ ಪೇರಲಹಣ್ಣು ಮಾರುವವಳೂ ಜಾಗ ಬದಲಿಸಿದಳು. ಗಲ್ಲಿ ಬಿಕೋ ಎನ್ನತೊಡಗಿತು. ಗುಣವತಿ ಹೋಗಿ ಕಾರಿನ ದೀಪ ನೋಡಿದರು. ಗಾಜು ಮಂಕಾಗಿ, ಬೆಳಕು ಅರಿಸಿನದ ನೀರಿನಂತಾಗಿತ್ತು. ಪಾಪ, ಮಗಳಿಗೆ ಕಾಣುತ್ತಿಲ್ಲ ಎಂದುಕೊಂಡರು.

"ಫೋನ್ ಮಾಡಿ ನೋಡ್ರಿ, ವೈನಿ," ಎಂದರು ಗೋಡೆಯ ಹತ್ತಿರ ನಿಂತಿದ್ದ ರಾಮಕೃಷ್ಣ. ಪಕ್ಕದ ಮನೆಯವರು, ಗಂಡನ ಗೆಳೆಯರು, ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಲಹರಿಯ ಡ್ಯೂಟಿ ಯಾವಾಗ ಎಂದು ಹಳೆಯ ಸಂಗಡಿಗರಲ್ಲಿ ಕೇಳಿ ತಿಳಿಸುವವರೂ ಅವರೇ.

"ಮಾಡಿ ಏನಂತ ಮಾತಾಡ್ಲಿ? ಬೈದಾಕಿ ನಾನು. ಆಕಿ ಫೋನ್ ಎತ್ತಂಗಿಲ್ಲ, ಸೀಟಿ ಅಷ್ಟ ಹೊಡೀತಿದ್ಲು."

"ಆ ಸೀಟಿ ಐತಲ್ರಿ ವೈನಿ..." ರಾಮಕೃಷ್ಣ ಮಾತು ತೆಗೆದರು.

"ಇವತ್ತು ಗಾಡಿ ಆಕೀದ ಹೌದಲ್ರಿ?"

"ಹೌದ್ರಿ. ಅದರಾಗ ಅನುಮಾನ ಇಲ್ಲ."

"ಮತ್ತೇನ್ರಿ!"

ರಾಮಕೃಷ್ಣ ಗೋಡೆಗೆ ಕೈಯೂರಿದರು. "ಇವತ್ತೂ ಸೀಟಿ ಬರಲಿಲ್ಲ ಅಂದ್ರ?"

"ಆಕಿ ನನ್ನ ಕೈ ಬಿಟ್ಟಾಳ ಅಂತ ತಿಳಕೋತೀನಿ. ಈ ಕಾರು ಗುಜರಿಗೆ ಹೋಗ್ಲಿ. ಅದನ್ನ ಇಟ್ಟುಕೊಂಡು ನಾ ಏನ್ ಮಾಡ್ಲಿ?"

ರಾಮಕೃಷ್ಣ ಖಾಲಿ ತಿರುವಿನ ಕಡೆ ನೋಡಿದರು.

ಹಂಪಯ್ಯ ಹೊಸ ಬ್ಯಾಟರಿ ಕೂರಿಸಿ, ವೈರ್ ಜೋಡಿಸಿ, ಸ್ಕ್ರೂ ತಿರುಗಿಸುತ್ತ ಬೆಳಕನ್ನು ಎತ್ತಿದ. ಅದು ಗೋಡೆ ದಾಟಿ, ಹಳಿ ದಾಟಿ, ಆಚೆಯ ಬೇವಿನ ಮರಕ್ಕೆ ಬಡಿಯಿತು.

"ಅಮ್ಮಾರ, ರೈಲಿನವರ ಕಣ್ಣಿಗೆ ಹೊಡೀತೈತ್ರಿ ಇದು!"

"ತುಸು ಇಳಸು. ಕಣ್ಣು ಕುಕ್ಕಬಾರದು. ಆದ್ರ ಕಾಣಬೇಕು."

ಮುಸ್ಸಂಜೆ. ಹಳಿ ಸಣ್ಣಗೆ ನಡುಗಿತು. ಗುಣವತಿ ಸೆರಗು ಸರಿಪಡಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತರು. ಬಾಗಿಲು ತೆರೆದು ಕಾಯುವವರಂತೆ. ತಿರುವಿನಲ್ಲಿ ಎಂಜಿನ್ ಕಂಡಿತು. ಲೈಟನ್ನು ಎರಡು ಸಲ ಹಾಕಿ ಆರಿಸಿದರು. ಹಳಿಯ ಕಲ್ಲುಗಳೆಲ್ಲ ಹಾಲಿನಂತೆ ಬೆಳಗಿ ಮತ್ತೆ ಕಪ್ಪಾದವು.

ಎಂಜಿನ್ ಹತ್ತಿರ ಬಂತು. ಸದ್ದಿಲ್ಲ. ಗೋಡೆಯ ಎದುರಿಗೆ ಬಂತು. ಸದ್ದಿಲ್ಲ. ಬೋಗಿಗಳು ದಡಬಡನೆ ದಾಟತೊಡಗಿದವು. ರಾಮಕೃಷ್ಣ ಕಾರಿನ ಬಾಗಿಲ ಬಳಿ ಬಂದು, "ವೈನಿ, ನಿಮಗೊಂದು ಮಾತು ಹೇಳಬೇಕ್ರಿ..." ಎಂದು ಬಾಯಿ ತೆರೆದರು.

ಆಗ ಮುಂದೆ ಹೋಗಿದ್ದ ಎಂಜಿನ್ನಿನಿಂದ ಸೀಟಿ ಕೇಳಿತು. ಗಿಡ್ಡದೊಂದು. ಮತ್ತೆ ಗಿಡ್ಡದೊಂದು.

ಗುಣವತಿ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು, ನಕ್ಕರು. "ಕೇಳಿದ್ರ್ಯಾ? ತಪ್ಪು ಲೈಟಿಂದು ಅಂತ ನಾ ಹೇಳಿರಲಿಲ್ಲೇನು? ಆದ್ರ ಇವತ್ತ್ಯಾಕ ಎರಡು ಹೊಡೆದ್ಲು? ದಿನಾ ಉದ್ದಂದು ಒಂದ ಇರ್ತಿತ್ತಲ್ರಿ."

"ನೀವು ಎರಡು ಸಲ ಲೈಟ್ ಹಾಕಿದ್ರೆಲ್ಲ, ವೈನಿ," ಎಂದರು ರಾಮಕೃಷ್ಣ. ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡರು.

ಗೇಟು ಬರುತ್ತಿದೆ, ಉದ್ದಕ್ಕೆ ಸೀಟಿ ಹೊಡೆ ಎಂದು ಎಲ್ಲ ಚಾಲಕರಿಗೂ ಅಪ್ಪಣೆ ಮಾಡುತ್ತಿದ್ದ ಆ ಹಳದಿ ಫಲಕ ಈಗ ತಿರುವಿನಲ್ಲಿರಲಿಲ್ಲ; ಇಷ್ಟು ವರ್ಷ ಕೇಳಿದ್ದೆಲ್ಲ ಗೇಟಿಗೆ ಹೊಡೆದ ಸೀಟಿ, ಗುಣವತಿಗೆ ಹೊಡೆದದ್ದು ಇದೇ ಮೊದಲು.