ವರ್ತಿಯ ದಂಡೆ

ಇದನ್ನು ಬರೆಯಲು ಎಷ್ಟು ಸಲ ಕೂತರೂ ಬೇರೇನೋ ಗೀಚಿ ಎದ್ದಿದ್ದೇನೆ. ಇವತ್ತು ಲಿಂಗಸುಗೂರಿನ ನಮ್ಮ ಮನೆ ಮುಂದೆ ಇಳಿಸಿದ ಹಸಿ ಉಸುಕಿನ ವಾಸನೆ ನನ್ನನ್ನು ಬಿಡುತ್ತಿಲ್ಲ.

ನಾನು ಸಣ್ಣವನಿದ್ದಾಗಿನ ಒಂದು ಬೇಸಿಗೆಯ ಮಧ್ಯಾಹ್ನ. ಮಸ್ಕಿ ಹಳ್ಳ ಒಣಗಿತ್ತು. ಕುಡಿಯುವ ನೀರಿಗೆಂದು ಪಕ್ಕದ ಮನೆಯ ಅಕ್ಕ ಉಸುಕಿನಲ್ಲಿ ವರ್ತಿ ತೋಡಿದ್ದಳು. ಎದೆಮಟ್ಟದ ಆ ಗುಂಡಿಯಲ್ಲಿ ಕೂತು ಚರಿಗೆಯಿಂದ ಕೊಡ ತುಂಬುತ್ತಿದ್ದಳು.

"ದಂಡಿಗೆ ಬರಬ್ಯಾಡಲೇ, ಉಸುಕು ಜಾರತೈತಿ," ಎಂದಳು.

ನಾನು ಕಾಲಿಟ್ಟು ನೋಡಿದೆ. ತುಳಿದ ಕೂಡಲೇ ಪಾದದ ಸುತ್ತಲಿನ ಹಸಿ ಉಸುಕು ಒಣಗಿದಂತೆ ಬೆಳ್ಳಗಾಗಿ ಬಿಗಿಯಿತು. ತುಳಿತಕ್ಕೆ ಉಸುಕಿನ ಹರಳುಗಳು ಒಂದರಿಂದೊಂದು ದೂರ ಸರಿದು ನೀರನ್ನು ಒಳಗೆಳೆಯುತ್ತವೆ, ಆ ಬಿಗಿ ಅರೆಗಳಿಗೆಯದು ಎಂಬುದು ನನಗೆಲ್ಲಿ ಗೊತ್ತಿತ್ತು?

"ಗಟ್ಟಿ ಐತಿ ತಗಾ ಯಕ್ಕ, ಸುಮ್ನ ಅಂಜತಿ ನೀ," ಎಂದು ಕುಣಿದೆ.

ಮೂರನೆಯ ಜಿಗಿತಕ್ಕೆ ದಂಡೆ ಪೂರಾ ಕುಸಿಯಿತು. ಅವಳು ಸೊಂಟದವರೆಗೆ ಹೂತುಹೋದಳು. ಜನ ಎಳೆದು ತೆಗೆದಾಗ ಎಡಗಾಲು ಮುರಿದಿತ್ತು.

ನಮ್ಮಪ್ಪ ಓಡಿ ಬಂದು ಅವಳನ್ನೇ ಬೈದ. "ಗ್ವಾಡಿ ಹಂಗ ನೆಟ್ಟಗ ತೋಡಿದ್ರ ಬೀಳಲಾರದ ಏನಾಕ್ಕೈತಿ? ಇಳಿಜಾರು ಬಿಡಬೇಕಂತ ಗೊತ್ತಿಲ್ಲೇನು?"

ಅವಳು ಒಮ್ಮೆ ನನ್ನ ಕಡೆ ನೋಡಿ, "ಹೌದ್ರೀ ಮಾವ, ನಂದೇ ತಪ್ಪು," ಎಂದಳು. ನಾನು ಬಾಯಿ ಬಿಡಲಿಲ್ಲ.

ಕುಂಟುತ್ತಲೇ ಅವಳು ಮದುವೆಯಾಗಿ ಗುರುಗುಂಟಾಕ್ಕೆ ಹೋದಳು. ಆಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಅವಳ ಪಕ್ಕದಲ್ಲೇ ಕೂತಿದ್ದೇನೆ. "ಆರಾಮ ಅದೀಯೇನು ಯಕ್ಕ" ಎಂದಷ್ಟೇ ಕೇಳಿ, ನನ್ನ ಮೇಲೆ ನಾನೇ ಸಿಟ್ಟಾಗಿ ಇಳಿದಿದ್ದೇನೆ. ಹೋದ ವರ್ಷ ಅವಳು ತೀರಿಕೊಂಡಳು.

ಅವಳ ಹೆಸರು ದ್ಯಾಮವ್ವ.