ಇನ್ನೂ ತುಂಬದ ತೋಳು

ದೇಹದಾರ್ಢ್ಯ ಸ್ಪರ್ಧೆಯ ವೇದಿಕೆ ಹಿಂದಿನ ಕೋಣೆಯಲ್ಲಿ, ಬಣ್ಣದ ಬಟ್ಟಲಿಗೆ ಸ್ಪಂಜು ಅದ್ದಿಕೊಂಡು ತಿರುಗಿದ ಅಕ್ಕ, ತಂಗಿ ಮೈಮೇಲಿನ ಟವೆಲ್ ತೆಗೆದದ್ದೇ ತಡ, ನಿಂತಲ್ಲೇ ನಿಂತುಬಿಟ್ಟಳು. ಸ್ಪಂಜಿನಿಂದ ಕಂದು ಬಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಎದುರಿಗಿದ್ದದ್ದು ಬೆನ್ನೋ ಬಂಡೆಯೋ! ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆಂದೇ ತಿಳಿಯುತ್ತಿರಲಿಲ್ಲ. ಮನೆಯವರೆಲ್ಲ ಚಿಕ್ಕಂದಿನಿಂದ 'ಕಡ್ಡಿ' ಎಂದು ಕರೆಯುತ್ತಿದ್ದದ್ದು ಇವಳನ್ನೇನಾ?

"ಏನೇ ಹಂಗ್ ನೋಡ್ತಿದೀಯ? ಬೇಗ ಹಚ್ಚು. ಈಗ ನಮ್ಮ ಗುಂಪನ್ನ ಕರೀತಾರೆ," ಎಂದಳು ಕಡ್ಡಿ.

ಪರದೆಯಾಚೆ ಯಾರೋ ಗಂಡಸು ಮಾತಾಡಿದನೆಂದುಕೊಂಡು ಅಕ್ಕ ಆ ಕಡೆ ತಿರುಗಿಯೂ ಆಗಿತ್ತು. ದೂರದೂರಿನ ಜಿಮ್ಮಿನಲ್ಲಿ ತರಬೇತಿ ಎಂದು ಹೋದವಳು ತಿಂಗಳುಗಟ್ಟಲೆ ಫೋನು ಎತ್ತಿರಲಿಲ್ಲ. 'ಗಂಟಲು ಕಟ್ಟಿದೆ ಅಕ್ಕ, ಮೆಸೇಜ್ ಮಾಡು' ಎಂದು ಬರೆದು ಕಳಿಸುತ್ತಿದ್ದಳು. ಇದು ಗಂಟಲು ಕಟ್ಟಿದ ದನಿಯಾಗಿರಲಿಲ್ಲ.

ಅಕ್ಕ ಬಣ್ಣ ಹಚ್ಚತೊಡಗಿದಳು. ಅವಳಿಗೆ ಈ ಕೆಲಸ ಹೊಸದಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗುವ ಮುಂಚೆ ಅವಳೂ ಹೀಗೇ, ದೀಪದಡಿ ಸ್ನಾಯು ಎದ್ದು ಕಾಣಲೆಂದು, ಬಣ್ಣ ಬಳಿಸಿಕೊಂಡು ದೇಹದಾರ್ಢ್ಯದ ವೇದಿಕೆ ಹತ್ತಿದವಳು, ಇದೇ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದವಳು. ವಿಪರೀತ ಮೈ ಬೆಳೆಸುವುದು ಬೇಡ, ಚೆಂದದ ಮೈಕಟ್ಟಿದ್ದರೆ ಸಾಕು ಎನ್ನುವ ಹೆಣ್ಣುಮಕ್ಕಳಿಗೆಂದೇ ಹುಟ್ಟಿದ ವಿಭಾಗ ಅದು. ಅಕ್ಕನ ಪದಕ ನೋಡಿಯೇ ತಂಗಿಗೂ ಹುಚ್ಚು ಹತ್ತಿದ್ದು.

ಸ್ಪಂಜು ಸೊಂಟದಿಂದ ಕೆಳಗಿಳಿಯುತ್ತಲೇ ಕಡ್ಡಿ ಹಲ್ಲು ಕಚ್ಚಿದಳು. ಅಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು, ಮುಟ್ಟಿದರೆ ಕೆಂಡ. ಸುತ್ತಲೂ ಸೂಜಿ ಚುಚ್ಚಿದ ಗುರುತುಗಳು, ಹಳೆಯವು, ಹೊಸವು. ದಿನವಿಡೀ ಸೂಜಿ ಹಿಡಿಯುವವಳಿಗೆ ಈ ಗುರುತುಗಳನ್ನಾಗಲಿ ಆ ಗಂಡುದನಿಯನ್ನಾಗಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಏನೇ ಚುಚ್ಕೊಂಡೆ? ನನ್ನ ಮುಖ ನೋಡ್ಕೊಂಡು ಹೇಳು."

"ಮೈ ಬೆಳೆಯೋ ಔಷಧಿ. ಎಲ್ರೂ ತಗೊಳ್ಳೋದೇ."

"ಕೀವಾಗಿದೆ ಕಣೇ ಇದು! ಮೈ ಸುಡ್ತಾ ಇದೆ. ಬಟ್ಟೆ ಹಾಕ್ಕೋ, ಆಸ್ಪತ್ರೆಗೆ ಹೋಗೋಣ."

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಹೋದ ಸಲ ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ ತೀರ್ಪುಗಾರರು. ಇದೊಂದು ಮುಗೀಲಿ. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಅಷ್ಟರಲ್ಲಿ ಹೊರಗೆ ಕರೆ ಬಂತು. ತಡೆಯಲು ಕೈಚಾಚಿದ ಅಕ್ಕನ ಬೆರಳಿಗೆ ಹಸಿ ಬಣ್ಣ ಮೆತ್ತಿತಷ್ಟೆ, ಕಡ್ಡಿ ಹೋಗಿಯಾಗಿತ್ತು.

ಪರದೆಯ ಸಂದಿಯಿಂದ ಇಣುಕಿದ ಅಕ್ಕನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಒಳಗೆ ನೋಡಿ ಬೆಚ್ಚಿಬಿದ್ದಿದ್ದ ಅದೇ ಮೈ, ವೇದಿಕೆಯ ದೀಪದಡಿ ಉಳಿದವರ ಪಕ್ಕ ನಿಂತಾಗ, ಎಲ್ಲರಿಗಿಂತ ಸಪೂರ! ಕಡ್ಡಿ ನಗುನಗುತ್ತ ತೋಳು ಬಿಗಿದಳು, ಬೆನ್ನು ಅರಳಿಸಿದಳು. ಆ ನಗೆಯ ಹಿಂದೆ ಜ್ವರವಿರುವುದು ಆ ಸಭಾಂಗಣದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಬಹುಮಾನಕ್ಕೆ ಕೂಗಿದ ಹೆಸರುಗಳಲ್ಲಿ ಅವಳದಿರಲಿಲ್ಲ.

ಟ್ಯಾಕ್ಸಿಗೆ ಹೇಳಿ ಬರುತ್ತಿದ್ದ ಅಕ್ಕನಿಗೆ ವೇದಿಕೆಯ ಮೆಟ್ಟಿಲ ಬಳಿ ಹಿರಿಯ ತೀರ್ಪುಗಾರರೊಬ್ಬರು ಎದುರಾದರು. ಹಿಂದೆ ಅಕ್ಕನ ಕೊರಳಿಗೆ ಪದಕ ಹಾಕಿದ್ದವರೇ. ಗುರುತು ಹಿಡಿದು ಮುಖ ಅರಳಿಸಿದರು. "ಅವಳು ನಿನ್ನ ತಂಗಿನಾ? ಆಕಾರ ಚೆನ್ನಾಗಿದೆ. ಆದ್ರೆ ಸಾಲ್ದು. ತೋಳು ಇನ್ನೂ ತುಂಬಬೇಕು, ಹೆಗಲೂ ಅಷ್ಟೆ."

"ಸರ್, ದಪ್ಪ ಆಗೋದು ಬೇಡ ಅನ್ನೋರಿಗೇ ಅಲ್ವಾ ಈ ವಿಭಾಗ ಮಾಡಿದ್ದು? ನೀವೇ ನಂಗೆ ಮೊದಲ್ನೇ ಬಹುಮಾನ ಕೊಟ್ರಿ. ಅವತ್ತು ನಾನಿದ್ದ ಹಾಗೇ ಇವತ್ತು ಬಂದು ನಿಂತಿದ್ರೆ?"

ಅವರು ಹೊಟ್ಟೆ ಕುಲುಕಿಸಿ ನಕ್ಕರು. "ಇವತ್ತಾ? ಪ್ರೇಕ್ಷಕರು ಕೂರೋ ಜಾಗ ಆ ಕಡೆ ಇದೆ, ದಾರಿ ತಪ್ಪಿದೀಯಮ್ಮ ಅಂತಿದ್ದೆ." ಅವಳು ನಗದಿರುವುದು ಕಂಡು ದನಿ ತಗ್ಗಿಸಿದರು. "ನಾವೇನು ದಪ್ಪ ಆಗಿ ಅಂತ ಯಾರಿಗೂ ಹೇಳಲ್ಲಮ್ಮ. ಗೆದ್ದೋಳನ್ನ ನೋಡಿ ಮಿಕ್ಕೋರು ಬೆಳೀತಾರೆ. ಬೆಳೆದೋರನ್ನ ನೋಡಿ ನಾವು ಅಂಕ ಹಾಕ್ತೀವಿ."

ಅಕ್ಕ ಸರಸರನೆ ಒಳಗೆ ಬಂದಳು. ಕಡ್ಡಿ ಕುರ್ಚಿಯಲ್ಲಿ ಕುಸಿದು ಗಡಗಡ ನಡುಗುತ್ತಿದ್ದಳು. ಬೆವರಿಗೆ ಬಣ್ಣವೆಲ್ಲ ಕದಡಿ ಮೈಮೇಲೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಅಕ್ಕ ಅವಳಿಗೆ ತನ್ನ ಕೋಟು ಹೊದಿಸಲು ನೋಡಿದಳು. ಅದು ಒಂದು ಹೆಗಲಿಗೂ ಸಾಲಲಿಲ್ಲ.

"ಟ್ಯಾಕ್ಸಿ ಬಂದಿದೆ. ಏಳಮ್ಮ, ನನ್ನ ಬಂಗಾರ," ಎಂದಳು.

ಕಡ್ಡಿ ಹೂಂ ಎಂದು ಎದ್ದಳು. ಅಕ್ಕನ ಭುಜದ ಮೇಲೆ ಭಾರ ಬಿಟ್ಟು ಒಂದೊಂದೇ ಹೆಜ್ಜೆ ಇಟ್ಟಳು. ಆ ಕೋಣೆಯ ಬಾಗಿಲು ಕಿರಿದು. ನೇರವಾಗಿ ಹೋಗಲಾಗದೆ ಅವಳು ಮೈ ಓರೆ ಮಾಡಿಕೊಂಡಳು. ಆದರೂ ತೋಳು ಉಜ್ಜಿ ಚೌಕಟ್ಟಿಗೆಲ್ಲ ಕಂದು ಬಣ್ಣ ಹತ್ತಿತು. ಬಾಗಿಲ ನಡುವೆ ಹಾಗೇ ಸಿಕ್ಕಿಕೊಂಡು ನಿಂತು, ಅಕ್ಕನ ಮುಖವನ್ನೇ ನೋಡುತ್ತ ಕೇಳಿದಳು:

"ಅಕ್ಕ, ನಿಜ ಹೇಳು. ಅಷ್ಟೊಂದು ಸಣ್ಣಗಿದೀನಾ ನಾನು?"